ಪಾವಗಡದ ಮೇಲೆ ಅರ್ಧ ದಾರಿ

ಬೆಂಗಳೂರು
12-10-1946, ಶನಿವಾರ

ಅಕ್ಕನಿಗೆ ಓಬಳೇಶನ ನಮಸ್ಕಾರ.

ಅವ್ವನಿಗೆ ಈ ಕಾಗದ ಓದಿ ಹೇಳುವಾಗ ದಯವಿಟ್ಟು ನಿನ್ನ ಮಾತು ಸೇರಿಸಬೇಡ. ಹೋದ ಸಲ ನನಗೆ ನೆಗಡಿ ಅಂತ ಒಂದು ಸಾಲು ಬರೆದಿದ್ದೆ. ನೀನು ಅದನ್ನು ಹೇಗೆ ಓದಿದೆಯೋ, ಅವ್ವ ಮಾರಮ್ಮನಿಗೆ ಕೋಳಿ ಹರಸಿಕೊಂಡಳಂತೆ.

ಕೆಲಸ ಸಿಕ್ಕಿದೆ. ಯುದ್ಧದಲ್ಲಿ ಕಲಿತ ವೈರ್‌ಲೆಸ್ ವಿದ್ಯೆ ಕೈಬಿಡಲಿಲ್ಲ. ಇಲ್ಲಿ ಹೊಸದಾಗಿ ಒಂದು ಕಂಪನಿ ಶುರುವಾಗಿದೆ. ಮಿಲಿಟರಿಯವರು ಮಾರಿದ ಒಂದೇ ಒಂದು ವಿಮಾನ ಕೊಂಡು ಬೆಂಗಳೂರಿನಿಂದ ಬಳ್ಳಾರಿಗೆ ಟಪಾಲು ಸಾಗಿಸುತ್ತಾರೆ. ಮಂಗಳವಾರ ಮತ್ತು ಶುಕ್ರವಾರ ಸಂಜೆ ಹೋಗುವುದು, ಮಾರನೆಯ ಬೆಳಿಗ್ಗೆ ವಾಪಸು. ಮುಂದೆ ಪೈಲಟ್ ಸಾಹೇಬರು, ಅವರ ಬೆನ್ನಿಗೆ ಒಂದು ಸ್ಟೂಲು ಹಾಕಿಕೊಂಡು ನಾನು, ನನ್ನ ಬೆನ್ನಿಗೆ ಟಪಾಲು ಚೀಲಗಳು. ಸಾಹೇಬರು ಪೂನಾ ಕಡೆಯವರು. ಬರ್ಮಾದಲ್ಲಿ ಹಾರಿಸಿದವರಂತೆ. ಮಾತು ಕಡಿಮೆ, ಸಿಗರೇಟು ಜಾಸ್ತಿ.

ಎಷ್ಟು ದೂರ, ಎಷ್ಟು ಹೊತ್ತು ಅಂತ ನೀನು ಕೇಳಿಯೇ ಕೇಳುತ್ತೀಯ, ಮೊದಲೇ ಹೇಳಿಬಿಡುತ್ತೇನೆ. ಇಲ್ಲಿನ ವಿಮಾನ ಮೈದಾನದಿಂದ ಬಳ್ಳಾರಿಯ ಮೈದಾನಕ್ಕೆ ಆಕಾಶದಲ್ಲಿ ನೂರೈವತ್ತೇಳು ಮೈಲಿ. ರೈಲಿನಲ್ಲಾದರೆ ಗುಂತಕಲ್ಲಿನಲ್ಲಿ ಇಳಿದು, ಇನ್ನೊಂದು ಗಾಡಿಗೆ ಕಾದು, ಮೈಯೆಲ್ಲ ಮಸಿ ಮಾಡಿಕೊಂಡು ಮಾರನೆಯ ದಿನ ತಲುಪಬೇಕು. ನಮಗೆ ಒಂದು ಗಂಟೆ. ಗಾಳಿ ಎದುರಾದರೆ ಅದರ ಮೇಲೆ ಸ್ವಲ್ಪ. ಆಫೀಸಿನ ಗೋಡೆಯ ಮೇಲೆ ದೊಡ್ಡ ಭೂಪಟ ಇದೆ. ಗುಮಾಸ್ತರು ಸಂಜೀವಯ್ಯನವರು ರೂಲುದೊಣ್ಣೆ ಇಟ್ಟು ಈ ಊರಿಂದ ಆ ಊರಿಗೆ ಕೆಂಪು ಪೆನ್ಸಿಲಿನಲ್ಲಿ ಒಂದೇ ಗೆರೆ ಎಳೆದರು. ಕೊರಟಗೆರೆ, ಮಧುಗಿರಿ ಎರಡೂ ಎಡಕ್ಕೆ ಉಳಿದವು. ಸಿರಾ ಇನ್ನೂ ಆಚೆ. ಗೆರೆ ಮಾತ್ರ ನಮ್ಮ ಪಾವಗಡದ ಬೆಟ್ಟದ ನೆತ್ತಿಯ ಮೇಲೇ ಹೋಯಿತು ಅಕ್ಕ. ಅದೂ ಹೆಚ್ಚುಕಡಿಮೆ ನಟ್ಟನಡುವೆ, ಅರ್ಧ ದಾರಿಗೆ. ಇದು ನನ್ನ ಊರು ಅಂದರೆ ಸಂಜೀವಯ್ಯನವರು ನಂಬಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಎಲ್ಲರೂ ಹೀಗೇ ಏನಾದರೂ ಹೇಳುತ್ತಾರೆ ಅಂದರು.

ಆರು ಗಂಟೆಗೆ ಇಲ್ಲಿಂದ ಏಳುತ್ತೇವೆ. ಆರೂವರೆಗೆ ಅವ್ವ ಹಿತ್ತಲಿಗೆ ಬಂದು ಕಿವಿಗೊಟ್ಟರೆ ಮೇಲೆ ಹೋಗುವ ಸದ್ದು ನಂದೇ.

ನಿನ್ನ ತಮ್ಮ,
ಓಬಳೇಶ


ಪಾವಗಡ
20-10-1946, ಭಾನುವಾರ

ಆಕಾಶದಲ್ಲಿ ಓಡಾಡುವ ತಮ್ಮನಿಗೆ ನೆಲದ ಮೇಲಿರುವ ಅಕ್ಕನ ಆಶೀರ್ವಾದ.

ನಿನ್ನ ಕಾಗದ ಒಂದಕ್ಷರ ಬಿಡದೆ, ಒಂದಕ್ಷರ ಸೇರಿಸದೆ ಓದಿದೆ. ಅವ್ವ ನಂಬಲಿಲ್ಲ. "ಒಂದು ಗಂಟೇಲಿ ಬಳ್ಳಾರಿಗೆ ಹೋಯ್ತಾನಂತಾ? ಒಂದು ಗಂಟೇಲಿ ನಮ್ಮೆಮ್ಮೆ ಕೆರೆಗೋಗಿ ಬರಾಕಿಲ್ಲ ಕಣವ್ವ. ನೀನು ಸರ್ಯಾಗಿ ಓದು" ಅಂದಳು. ಮೂರು ಸಲ ಓದಿಸಿದಳು. ನನ್ನ ಯಜಮಾನರಿಗೆ ಕೋಲಾರದ ಗಣಿಯಲ್ಲಿ ಇರಲು ಮನೆ ಕೊಡುವವರೆಗೆ ತವರಿನಲ್ಲಿ ಇರೋಣ ಅಂತ ಬಂದ ನನಗೆ ಇದೇ ಉದ್ಯೋಗ.

ಶುಕ್ರವಾರ ಸಂಜೆ ದೊಡ್ಡಪ್ಪನ ಮನೆಯವರು, ನಾವು, ಬೀದಿಯ ಅರ್ಧ ಜನ ಹಿತ್ತಲಿನಲ್ಲಿ ನಿಂತಿದ್ದೆವು. ಸದ್ದು ಬಂತು. ಮೊದಲು ದೂರದಲ್ಲಿ ಬೀಸುವ ಕಲ್ಲು ತಿರುಗಿದ ಹಾಗೆ, ಆಮೇಲೆ ನೆತ್ತಿಯ ಮೇಲೆ. ಬೊಮ್ಮಣ್ಣ ದೊಡ್ಡಪ್ಪ ಟೋಪಿ ತೆಗೆದು ನಿಂತುಬಿಟ್ಟ. ಅವ್ವ ಅಳಲಿಲ್ಲ. ಸದ್ದು ಬಡಗಲಿಗೆ ಹೋಗಿ ಕರಗಿದ ಮೇಲೆ, "ಆ ಕತ್ತಲಾಗೆ ನನ್ ಕೂಸಿಗೆ ದಾರಿ ಯಾರು ತೋರಿಸ್ತಾರೆ" ಅಂದಳು. ಅದೊಂದು ಮಾತು ನನಗೂ ಚುಚ್ಚಿತು. ಹಗಲೆಲ್ಲ ನಗುತ್ತಿದ್ದ ನಾನು ಅವತ್ತು ಊಟ ಮಾಡಲಿಲ್ಲ.

ಅಲ್ಲಿಂದ ಅವ್ವ ಹರಕೆ ಹೊತ್ತಿದ್ದಾಳೆ. ಕಾರ್ತೀಕ ಹುಟ್ಟಿದ ದಿನದಿಂದ ತಿಂಗಳು ಮುಗಿಯುವವರೆಗೆ ಪ್ರತಿ ಸಂಜೆ ಬೆಟ್ಟದ ಮೇಲಿನ ಬುರುಜಿನಲ್ಲಿ ನಿನ್ನ ಹೆಸರಲ್ಲಿ ದೀಪ. ಸಣ್ಣ ಹಣತೆ ಅಂದುಕೊಂಡೀಯ. ದೊಡ್ಡಪ್ಪ ತನ್ನ ಆಲೆಮನೆಯ ಹಳೇ ಕಬ್ಬಿಣದ ಬಾಣಲೆ ಹೊರಿಸಿದ್ದಾನೆ. ಹೊಂಗೆ ಎಣ್ಣೆ ತುಂಬಿ, ಹಳೇ ಪಂಚೆ ಹೊಸೆದು ಬತ್ತಿ ಮಾಡಿದ್ದಾರೆ. ಹರಕೆಯ ಕಟ್ಟು ಏನೆಂದರೆ, ಹಚ್ಚಿದ ಮೇಲೆ ಎಣ್ಣೆ ತೀರಿ ಅದಾಗಿಯೇ ಮಲಗಬೇಕು. ಯಾರೂ ಕೈಯಾರೆ ಶಾಂತ ಮಾಡಬಾರದು. ಮಾಡಿದರೆ ಯಾರ ಹೆಸರಿನ ದೀಪವೋ ಅವರಿಗೆ ಕೇಡು ಅಂತ ಅವ್ವ ಎಲ್ಲರಿಗೂ ಹೇಳಿಟ್ಟಿದ್ದಾಳೆ.

ಮೇಲಿಂದ ಕಂಡರೆ ಬರೆ. ಕಾಣದಿದ್ದರೂ ಕಂಡಿತು ಅಂತಲೇ ಬರೆ.

ನಿನ್ನಕ್ಕ,
ಚಿಕ್ಕಕ್ಕ


ಬೆಂಗಳೂರು
30-10-1946, ಬುಧವಾರ

ಅಕ್ಕ,

ಸುಳ್ಳು ಬರೆಯುವ ಅಗತ್ಯವೇ ಬೀಳಲಿಲ್ಲ. ನಿನ್ನೆ ಸಂಜೆ ದೀಪ ಕಂಡಿತು. ಕೆಳಗೆಲ್ಲ ಕಪ್ಪು, ನಡುವೆ ಒಂದೇ ಒಂದು ಕೆಂಪು ಚುಕ್ಕೆ. ಸಾಹೇಬರು ಅದೇನು ಅಂದರು. ನಮ್ಮವ್ವ ಅಂದೆ. ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. ಗಡಿಯಾರ ನೋಡಿಕೊಂಡರು.

ಅವರ ಲೆಕ್ಕ ಹೀಗೆ. ದೂರ ಬದಲಾಗುವುದಿಲ್ಲ, ಹೊತ್ತು ಬದಲಾಗುತ್ತದೆ. ಗಾಳಿ ಎದುರಿಗಿದೆಯೋ ಬೆನ್ನಿಗಿದೆಯೋ ಮೋಡದೊಳಗೆ ಕೂತವನಿಗೆ ತಿಳಿಯುವುದಿಲ್ಲ. ಮೋಡದ ಬಿರುಕಿನಲ್ಲಿ ಕಾಣುವ ಈ ದೀಪ ಅರ್ಧ ದಾರಿಗೆ ಇರುವುದರಿಂದ, ಅಲ್ಲಿಗೆ ಎಷ್ಟು ಹೊತ್ತು ಹಿಡಿಯಿತೋ ಅಷ್ಟೇ ಹೊತ್ತು ಮತ್ತೆ ಹೋದರೆ ಬಳ್ಳಾರಿ. ಅಷ್ಟು ಹೊತ್ತಾದ ಮೇಲೆ ಮೋಡ ಸೀಳಿಕೊಂಡು ಕೆಳಗಿಳಿಯುವುದು. ಮೈದಾನದಲ್ಲಿ ಸೀಮೆಎಣ್ಣೆ ಪಂಜು ಹಚ್ಚಿಟ್ಟಿರುತ್ತಾರೆ. ಇಲ್ಲಿಂದ ದೀಪಕ್ಕೆ ಯಾವ ನೇರವೋ ಅದೇ ನೇರದಲ್ಲಿ ಮುಂದೆ ಹೋದರೆ ಸಾಕು, ಭೂಪಟದ ಕೆಂಪು ಗೆರೆಯ ಮೇಲೇ ಇರುತ್ತೇವೆ.

ಸಾಹೇಬರು ದಿಕ್ಸೂಚಿಯನ್ನು ಈಗ ಅಷ್ಟಾಗಿ ನಂಬುವುದಿಲ್ಲ. ಮಿಲಿಟರಿಯವರು ಕೆಟ್ಟದ್ದನ್ನೇ ಮಾರಿದ್ದಾರೆ ಅನ್ನುತ್ತಾರೆ. ಬಳ್ಳಾರಿಯ ವೈರ್‌ಲೆಸ್ ಯಂತ್ರ ಕೆಟ್ಟು ಮದರಾಸಿಗೆ ರಿಪೇರಿಗೆ ಹೋಗಿದೆ. ಕಿವಿಗೆ ಬಟ್ಟಲು ಹಾಕಿಕೊಂಡು ಕೂತಿರುತ್ತೇನೆ, ಗೊರಗೊರ ಸದ್ದು ಬಿಟ್ಟರೆ ಏನೂ ಇಲ್ಲ. ಸಂಬಳ ತೆಗೆದುಕೊಳ್ಳಲು ನಾಚಿಕೆಯಾಗುತ್ತದೆ.

ಒಂದು ವಿಷಯ ಅವ್ವನಿಗೆ ಓದಬೇಡ. ಬಳ್ಳಾರಿಗೆ ಪಡುವಲಲ್ಲಿ ಸಂಡೂರಿನ ಬೆಟ್ಟಸಾಲು ಇದೆ. ನಮ್ಮ ಬೆಟ್ಟದ ಹಾಗೆ ಒಂಟಿ ಗುಂಡಲ್ಲ, ಉದ್ದಕ್ಕೂ ಗೋಡೆ. ಗೆರೆ ಸ್ವಲ್ಪ ಎಡಕ್ಕೆ ವಾಲಿದರೂ, ಹೊತ್ತಾಯಿತು ಅಂತ ಇಳಿಯುವ ಜಾಗದಲ್ಲಿ ಮೈದಾನದ ಬದಲು ಆ ಬೆಟ್ಟ ಇರುತ್ತದೆ. ನೂರೈವತ್ತು ಮೈಲಿಯ ದಾರಿ ಒಂದು ಬಾಣಲೆ ಎಣ್ಣೆಯ ಮೇಲೆ ನಿಂತಿದೆ ಅನ್ನುವುದು ನನಗೆ ಸರಿ ಕಾಣುತ್ತಿಲ್ಲ. ಹೇಳಿಕೊಳ್ಳಲು ನೀನಲ್ಲದೆ ಯಾರಿದ್ದಾರೆ.

ಓಬಳೇಶ


ಪಾವಗಡ
6-11-1946, ಬುಧವಾರ

ಓಬಳೇಶ,

ಕೆಟ್ಟ ಸುದ್ದಿ ಬರೆಯಬೇಕಾಗಿದೆ. ಶನಿವಾರ ಮಧ್ಯಾಹ್ನ ಬೊಮ್ಮಣ್ಣ ದೊಡ್ಡಪ್ಪ ತೀರಿಕೊಂಡ. ಹೊಲದಿಂದ ಬಂದು, ಎದೆಯಲ್ಲಿ ಏನೋ ಹಿಡಿದ ಹಾಗಿದೆ ಅಂತ ಜಗಲಿ ಮೇಲೆ ಕೂತವನು ಏಳಲಿಲ್ಲ. ಹಿಂದಿನ ಸಂಜೆ ತಾನೇ ಎಣ್ಣೆ ಡಬ್ಬ ಹೊತ್ತು ಬೆಟ್ಟ ಹತ್ತಿದ್ದ. ನಿನಗೆ ತಂತಿ ಕೊಡೋಣ ಅಂದರೆ ಅವ್ವ, "ಅವನು ಮ್ಯಾಲೆ ಇರೋನು, ಮನಸ್ಸು ಕೆಡಿಸ್‌ಬ್ಯಾಡ" ಅಂದಳು. ಅಪ್ಪ ಹೋದ ಮೇಲೆ ಅಪ್ಪನ ಹಾಗೆ ಇದ್ದವನು. ನನಗೆ ಇನ್ನೂ ಜಗಲಿ ಕಡೆ ನೋಡಲು ಆಗುತ್ತಿಲ್ಲ.

ದೊಡ್ಡಪ್ಪನ ಮನೆಗೂ ನಮಗೂ ಹನ್ನೊಂದು ದಿನ ಸೂತಕ. ಈ ಮನೆಯಲ್ಲಿ ಉಣ್ಣುವ ನನಗೂ ಸೇರಿ. ಗುಡಿಯ ಪೂಜಾರಪ್ಪ ಬಂದು, ಸೂತಕದ ಮನೆ ಎಣ್ಣೆ ಬೆಟ್ಟ ಹತ್ತುವ ಹಾಗಿಲ್ಲ ಅಂದುಬಿಟ್ಟ. ಹೀಗಾಗಿ ಶನಿವಾರದಿಂದ ದೀಪ ಇಲ್ಲ, ನಿನ್ನೆ ಮಂಗಳವಾರವೂ ಇರಲಿಲ್ಲ. ನೀನು ಕಣ್ಣು ಬಿಟ್ಟುಕೊಂಡು ನೋಡಿರುತ್ತೀಯ.

ಸ್ಕೂಲಿನ ನಾಗಲಿಂಗಯ್ಯ ಮೇಷ್ಟ್ರು ಅವ್ವನಿಗೆ ಒಳ್ಳೇ ಮಾತು ಹೇಳಿದರು. "ನಾವು ಲಿಂಗ ಕಟ್ಟಿದವರು ಲಕ್ಷ್ಮಕ್ಕ, ನಮ್ಮಲ್ಲಿ ಸೂತಕ ಅನ್ನೋದೇ ಇಲ್ಲ. ಎಣ್ಣೆ ನಂದೇ ಇರಲಿ, ನಾನೇ ಹಚ್ಚಿ ಬರ್ತೀನಿ" ಅಂದರು. ನಮ್ಮವರು ಒಪ್ಪಲಿಲ್ಲ. ಬೇರೆಯವರ ಕೈ ಹಚ್ಚಿದರೆ ಹರಕೆ ಅವರದಾಗುತ್ತದಂತೆ. ಅವ್ವ ಎರಡು ದಿನ ಯೋಚಿಸಿ ತಾನೇ ದಾರಿ ಕಂಡುಕೊಂಡಳು. ಸೋದರಮಾವನ ಕೈ ತಾಯಿ ಕೈ ಇದ್ದ ಹಾಗೆ, ಅವನಿಗೆ ನಮ್ಮ ಸೂತಕವೂ ತಾಗುವುದಿಲ್ಲ. ನಿಡುಗಲ್ಲಿಗೆ ಹೇಳಿಕಳಿಸಿದಳು. ರಂಗಯ್ಯ ಮಾವ ಇವತ್ತಿನಿಂದ ನಿಡುಗಲ್ಲಿನ ಬೆಟ್ಟದ ಮೇಲೆ ದೀಪ ಹಚ್ಚುತ್ತಾನೆ. ನಿನಗೆ ಗೊತ್ತಲ್ಲ ಮಾವನ ಜಂಬ. ಪಾವಗಡದ ದೀಪಕ್ಕಿಂತ ನಾಲ್ಕು ಪಟ್ಟು ದೊಡ್ಡದು ಮಾಡುತ್ತೇನೆ, ಹುಡುಗ ಬೆಂಗಳೂರಲ್ಲಿ ಕೂತೇ ನೋಡಬೇಕು ಅಂದನಂತೆ.

ದೇವರಿಗೆ ಯಾವ ಬೆಟ್ಟವಾದರೇನು. ನೀನು ಹೆದರಬೇಡ. ಹನ್ನೊಂದನೆಯ ದಿನ, ಬರುವ ಮಂಗಳವಾರ, ಮನೆ ತೊಳೆದ ಮೇಲೆ ದೀಪ ಮತ್ತೆ ನಮ್ಮ ಬೆಟ್ಟಕ್ಕೆ ಬರುತ್ತದೆ.

ಚಿಕ್ಕಕ್ಕ


ಬೆಂಗಳೂರು
6-11-1946, ಬುಧವಾರ

ಅಕ್ಕ,

ಊರಲ್ಲಿ ಏನಾಗಿದೆ? ನಿನ್ನೆ ದೀಪ ಇರಲಿಲ್ಲ. ಅವ್ವ ಹುಷಾರಾಗಿದ್ದಾಳೆಯೇ? ಮೊದಲು ಅದನ್ನು ಬರೆ.

ನಾವು ಉಳಿದಿದ್ದೇ ಹೆಚ್ಚು. ಇಲ್ಲಿಂದ ಏಳುವಾಗಲೇ ಮೋಡ. ಅರ್ಧ ಗಂಟೆಯಾಯಿತು, ದೀಪ ಇಲ್ಲ. ಇನ್ನೂ ಸ್ವಲ್ಪ ಹೊತ್ತು ನೋಡಿದೆವು, ಇಲ್ಲ. ಗಾಳಿ ಎಷ್ಟಿದೆಯೋ ತಿಳಿಯದೆ ಸಾಹೇಬರು ಗಡಿಯಾರದ ಮೇಲೆ ಭಾರ ಹಾಕಿ ಹೋದರು. ಗಂಟೆ ತುಂಬಿತು ಅಂತ ಇಳಿದೆವು. ಮೋಡದಿಂದ ಹೊರಗೆ ಬಂದಾಗ ಪಂಜುಗಳಿಲ್ಲ, ಎಡಗಡೆ ರೆಕ್ಕೆಯ ಪಕ್ಕದಲ್ಲಿ ಏನೋ ಕಪ್ಪಗೆ ನಿಂತಿತ್ತು. ಅದು ಕತ್ತಲಲ್ಲ, ಕಲ್ಲು ಅಂತ ನನಗೆ ಗೊತ್ತಾಗುವಷ್ಟರಲ್ಲಿ ಸಾಹೇಬರು ವಿಮಾನ ಎತ್ತಿದ್ದರು. ಟಪಾಲು ಚೀಲಗಳೆಲ್ಲ ನನ್ನ ಮೇಲೆ ಬಿದ್ದವು. ಆಮೇಲೆ ಕೆಳಗೊಂದು ರೈಲು ಇಂಜಿನ್ನಿನ ಬೆಂಕಿ ಕಂಡು, ಅದರ ಹಿಂದೆ ಹೋಗಿ ಬಳ್ಳಾರಿ ಸೇರಿದೆವು. ಇಳಿದ ಮೇಲೆ ಸಾಹೇಬರು ಬಹಳ ಹೊತ್ತು ಹುಲ್ಲಿನ ಮೇಲೆ ಕೂತಿದ್ದರು.

ಶುಕ್ರವಾರ ಹೋಗುವುದು ಬೇಡ ಅಂತ ಕಂಪನಿಗೆ ಹೇಳಿದ್ದಾರೆ. ಟಪಾಲು ನಿಲ್ಲಿಸುವ ಹಾಗಿಲ್ಲ ಅಂತ ಉತ್ತರ ಬಂತು. ಸಾಹೇಬರು ನನಗೆ ಹೇಳಿದ್ದಿಷ್ಟು: "ಶುಕ್ರವಾರ ಮೊದಲು ನಿಮ್ಮ ತಾಯಿಯ ದೀಪ ಹುಡುಕುತ್ತೇನೆ. ಎಲ್ಲಿ ಕಂಡರೂ ಅದರ ನೆತ್ತಿಗೆ ಹೋಗಿ, ಅಲ್ಲಿಂದ ಅದೇ ನೇರ ಹಿಡಿಯುತ್ತೇನೆ. ಅದು ಇಲ್ಲದೆ ನಾನು ಇನ್ನೊಂದು ಸಲ ಕೆಳಗಿಳಿಯುವುದಿಲ್ಲ."

ನನಗೆ ಭಯವಾಗಿದೆ ಅಕ್ಕ. ಕೆಲಸ ಬಿಡೋಣ ಅನ್ನಿಸಿತು. ಆದರೆ ಅವರನ್ನೊಬ್ಬರನ್ನೇ ಕಳಿಸಿ ನಾನು ನೆಲದ ಮೇಲೆ ನಿಲ್ಲುವುದು ಹೇಗೆ?

ಓಬಳೇಶ


ಬೆಂಗಳೂರು
8-11-1946, ಶುಕ್ರವಾರ ಮಧ್ಯಾಹ್ನ

ಅಕ್ಕ,

ನಿನ್ನ ಕಾಗದ ಈಗ ತಾನೇ ಬಂತು. ದೊಡ್ಡಪ್ಪನ ಸುದ್ದಿ ಓದಿ ಆಫೀಸಿನ ಹಿಂದೆ ಹೋಗಿ ಅತ್ತೆ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಮಧುಗಿರಿಯ ದಂಡಿನ ಮಾರಮ್ಮನಿಗೆ ಕರೆದುಕೊಂಡು ಹೋಗಿದ್ದವನು. ಅವನ ಮುಖ ನೋಡಲಾಗಲಿಲ್ಲ. ಹನ್ನೊಂದಕ್ಕೆ ಬರಲು ರಜೆ ಕೇಳಿದ್ದೇನೆ.

ದೀಪದ ವಿಷಯ ತಿಳಿಸಿದ್ದು ಬಹಳ ಒಳ್ಳೆಯದಾಯಿತು. ತಿಳಿಯದೆ ಹೋಗಿದ್ದರೆ ಇವತ್ತು ನಿಡುಗಲ್ಲನ್ನೇ ಪಾವಗಡ ಅಂದುಕೊಂಡು ನೇರ ಸಂಡೂರಿನ ಬೆಟ್ಟಕ್ಕೆ ಹೋಗುತ್ತಿದ್ದೆವು. ಕಾಗದ ಓದಿ ಹೇಳಿದಾಗ ಸಾಹೇಬರು ಸಿಗರೇಟು ಕೆಳಗಿಟ್ಟರು. ಆಮೇಲೆ ಸಂಜೀವಯ್ಯನವರನ್ನು ಕರೆದು ಭೂಪಟದ ಮುಂದೆ ನಿಂತೆವು. ನಿಡುಗಲ್ಲು ನಮ್ಮ ಗೆರೆಗೆ ಎಡಕ್ಕೆ ಹತ್ತಾರು ಮೈಲಿ ದೂರ ಇದೆ, ಆದರೆ ಪಾವಗಡಕ್ಕೆ ಸರಿಸಮದಲ್ಲಿ, ಅದೇ ಅರ್ಧ ದಾರಿಗೆ. ಅಂದರೆ ದೀಪದ ಮೇಲೆ ಹೋಗದೆ ಅದನ್ನು ಎಡಗಡೆಗೇ ಇಟ್ಟುಕೊಂಡು ಹೋಗುವುದು. ಅದು ಎಡ ರೆಕ್ಕೆಯ ತುದಿಗೆ ನೇರವಾಗಿ ಬಂದಾಗ ಅರ್ಧ ದಾರಿ. ಲೆಕ್ಕ ಮೊದಲಿನ ಹಾಗೇ. ಸಾಹೇಬರು, ಇದು ಇನ್ನೂ ಚೆನ್ನಾಯಿತು, ನೆತ್ತಿಯ ಮೇಲಿನ ದೀಪ ಒಂದು ಚಣ ಕಾಣುತ್ತದೆ, ಪಕ್ಕದ ದೀಪ ಬಹಳ ಹೊತ್ತು ಕಾಣುತ್ತದೆ ಅಂದರು. ಎಷ್ಟೋ ದಿನದ ಮೇಲೆ ನಕ್ಕರು.

ಮಾವನ ಜಂಬ ಒಂದು ಸಲಕ್ಕಾದರೂ ಉಪಯೋಗಕ್ಕೆ ಬಂತು. ಅವನಿಗೆ ಹೇಳಿಕಳಿಸು. ಮಳೆ ಬರಲಿ ಗಾಳಿ ಬರಲಿ, ಮಂಗಳವಾರದವರೆಗೆ ದೀಪ ಒಂದು ಗಳಿಗೆಯೂ ಆರಬಾರದು. ಮೋಡ ದಟ್ಟವಾಗಿದೆ. ಬಳ್ಳಾರಿಯ ಯಂತ್ರ ಇನ್ನೂ ಬಂದಿಲ್ಲ. ನಮಗಿರುವುದು ಅದೊಂದೇ. ಈ ಕಾಗದ ಇವತ್ತಿಗೆ ತಲುಪುವುದಿಲ್ಲ ಅಂತ ಗೊತ್ತು, ಆದರೂ ಮಾವ ಬಿಡುವವನಲ್ಲ.

ಮೈದಾನಕ್ಕೆ ಹೋಗುವ ದಾರಿಯಲ್ಲಿ ಇದನ್ನು ಡಬ್ಬಕ್ಕೆ ಹಾಕುತ್ತೇನೆ. ಮಂಗಳವಾರ ಬಿದ್ದ ಭಯ ಇವತ್ತು ಅರ್ಧ ಇಳಿದಿದೆ.

ನಿನ್ನ ತಮ್ಮ,
ಓಬಳೇಶ


ನಿಡುಗಲ್ಲು
9-11-1946, ಶನಿವಾರ

ಓಬಳೇಶ,

ಇದು ಕೈಸೇರುವ ಹೊತ್ತಿಗೆ ನೀನು ಬಳ್ಳಾರಿಯಿಂದ ಬಂದು, ನಿನ್ನೆ ಸಂಜೆ ದೀಪ ಯಾಕೆ ಕಾಣಲಿಲ್ಲ ಅಂತ ಸಿಟ್ಟಿನಲ್ಲಿ ಕಾಗದ ಬರೆಯುತ್ತಿರುತ್ತೀಯ. ಬರೆಯುವ ಮುಂಚೆ ಇದನ್ನು ಓದು. ದೀಪ ಶಾಂತ ಮಾಡಿದವಳು ನಾನು.

ಬುಧವಾರ ನೀನು ಬರೆದ ಕಾಗದ ನಿನ್ನೆ ಬೆಳಿಗ್ಗೆ ಬಂತು. ಎಲ್ಲಿ ಕಂಡರೂ ಅದರ ನೆತ್ತಿಗೆ ಹೋಗುತ್ತೇವೆ ಅಂತ ನಿಮ್ಮ ಸಾಹೇಬರು ಹೇಳಿದ್ದನ್ನು ಎರಡು ಸಲ ಓದಿದೆ. ನನ್ನ ಕಾಗದ ನಿನಗೆ ಸೇರಿತೋ ಇಲ್ಲವೋ ಗೊತ್ತಿಲ್ಲ. ಸೇರದಿದ್ದರೆ? ಸೀದಾ ಸ್ಕೂಲಿಗೆ ಓಡಿದೆ. ನಾಗಲಿಂಗಯ್ಯ ಮೇಷ್ಟ್ರು ಮಕ್ಕಳನ್ನು ಹೊರಗೆ ಕಳಿಸಿ ದಕ್ಷಿಣ ದೇಶದ ಭೂಪಟ ಬಿಚ್ಚಿದರು. ಹೊಲಿಗೆ ದಾರ ತೆಗೆದುಕೊಂಡು ಒಂದು ತುದಿ ಬೆಂಗಳೂರಿನ ಮೇಲೆ ಅವರು ಒತ್ತಿ ಹಿಡಿದರು, ಇನ್ನೊಂದು ತುದಿ ನಾನು. ಪಾವಗಡದ ಮೇಲೆ ಎಳೆದರೆ ದಾರ ಬಳ್ಳಾರಿಗೆ ಹೋಯಿತು. ನಿಡುಗಲ್ಲಿನ ಮೇಲೆ ಎಳೆದರೆ ಸಂಡೂರಿನ ಬೆಟ್ಟಕ್ಕೆ ಹೋಗಿ ನಿಂತಿತು. ಮೇಷ್ಟ್ರು ಎರಡು ಸಲ ಎಳೆದು ನೋಡಿದರು. "ಚಿಕ್ಕಕ್ಕ, ತಂತಿ ಕೊಡು" ಅಂದರು.

ಟಪಾಲು ಆಫೀಸಿಗೆ ಹೋದರೆ, ಮಳೆಗೆ ಮಧುಗಿರಿ ದಾರಿಯಲ್ಲಿ ತಂತಿಕಂಬ ಬಿದ್ದಿವೆಯಂತೆ. ಪೋಸ್ಟ್‌ಮಾಸ್ಟರ್ ಮಹಾಲಿಂಗಯ್ಯನವರು ನಾಳೆಗೆ ಸರಿಹೋಗಬಹುದು ಅಂದರು. ನಿನ್ನ ವಿಮಾನ ಏಳುವುದು ನಾಳೆಯೇ? ಅವ್ವನಿಗೆ ಮಾವನನ್ನು ನೋಡಿ ಬರುತ್ತೇನೆ ಅಂತ ಸುಳ್ಳು ಹೇಳಿ ಜಟಕಾ ಹಿಡಿದೆ. ಸಿರಾ ಕಡೆಯ ಸಾಬಿ, ಒಳ್ಳೆಯವನು. "ಬಾರಿಷ್ ಜೋರೈತೆ ಅಮ್ಮ, ಕುದ್ರೆ ಜಾರ್ತೈತೆ" ಅನ್ನುತ್ತಲೇ ಓಡಿಸಿದ.

ನಿಡುಗಲ್ಲು ಸೇರುವಾಗ ಹೊತ್ತು ಇಳಿಯುತ್ತಿತ್ತು. ಮಾವ ಆಗಲೇ ಮೇಲೆ ಹೋಗಿದ್ದ. ತುಂತುರು ಮಳೆಯಲ್ಲಿ ಹತ್ತಿದೆ. ಮೇಲೆ ಕಲ್ಲುಮಂಟಪದೊಳಗೆ ದೀಪ ಉರಿಯುತ್ತಿತ್ತು. ಅದನ್ನು ದೀಪ ಅನ್ನುವುದು ಹೇಗೆ? ಎಣ್ಣೆ ತುಂಬಿದ ಕೊಪ್ಪರಿಗೆ, ತೊಡೆ ದಪ್ಪದ ಬತ್ತಿ. ಊರವರೆಲ್ಲ ಎಣ್ಣೆ ಕೊಟ್ಟಿದ್ದರು. ನಿನ್ನ ಮೇಲೆ ಇವರಿಗೆಲ್ಲ ಇಷ್ಟು ಪ್ರೀತಿ ಇದೆ ಅಂತ ನನಗೆ ಗೊತ್ತಿರಲಿಲ್ಲ.

ಮಾವ ನನ್ನ ನೋಡಿ ಬೆಚ್ಚಿಬಿದ್ದ. "ಏಮೇ ಚಿಕ್ಕಕ್ಕ, ಸೂತಕ್ದಾಗೆ ಇಲ್ಲಿಗೆ ಬಂದ್ಬುಟ್ಟೆಲ್ಲೇ?" ಅಂದ. ನಾನು ದಾರದ ವಿಷಯ, ಸಂಡೂರಿನ ವಿಷಯ ಎಲ್ಲ ಹೇಳಿದೆ. ಅವನಿಗೆ ತಲೆಗೆ ಹೋಗಲಿಲ್ಲ. "ದೀಪ ದೀಪಾನೇ ಕಣೇ. ಯಾವ ಬೆಟ್ಟ ಆದ್ರೇನು?" ಅಂದ. ಮೂರು ದಿನದ ಹಿಂದೆ ನಿನಗೆ ನಾನೇ ಬರೆದಿದ್ದ ಮಾತು. ಈಗಲೇ ಶಾಂತ ಮಾಡು ಅಂದೆ. "ನೀಕು ಪಿಚ್ಚಾ? ಹುಚ್ಚೇನೇ ನಿಂಗೆ? ಹುಡುಗನ ಹೆಸ್ರಿನ ದೀಪ. ಇದನ್ನ ಕೆಡಿಸಿದ್ರೆ ಅವನ್ನ ಕೆಡಿಸ್ದಂಗೆ. ನಿಮ್ಮವ್ವ ನನ್ ಕೈಗೆ ಒಪ್ಪಿಸವ್ಳೆ, ಅವಳೇ ಬಂದು ಹೇಳ್ಲಿ" ಅಂತ ಕೊಪ್ಪರಿಗೆಗೆ ಅಡ್ಡ ನಿಂತ.

ಅಷ್ಟರಲ್ಲಿ ಸದ್ದು ಕೇಳಿತು. ಮೂಡಲ ಕಡೆಯಿಂದ, ಮೋಡದ ಬಿರುಕುಗಳ ಆಚೆಯಿಂದ. ಇನ್ನೇನು ಈ ಕಡೆ ತಿರುಗುತ್ತೀರಿ ಅನ್ನಿಸಿತು. ಅಲ್ಲಿ ಎಣ್ಣೆ ಡಬ್ಬ ಮುಚ್ಚಿದ್ದ ಗೋಣಿ ತಾಟು ಮಳೆಗೆ ನೆನೆದು ಬಿದ್ದಿತ್ತು. ಎಳೆದುಕೊಂಡು, ಮಾವನನ್ನು ತಳ್ಳಿ, ಕೊಪ್ಪರಿಗೆಯ ಮೇಲೆ ಕವುಚಿದೆ. ಕೈ ಸುಟ್ಟಿತು. ಮಾವ ನನ್ನ ಬೆನ್ನಿಗೆ ಹೊಡೆದ, ಅಪ್ಪನೂ ಹೊಡೆಯದಿದ್ದ ಹಾಗೆ. ನಾನು ಬಿಡಲಿಲ್ಲ. ಪೂರ್ತಿ ಕತ್ತಲಾಯಿತು.

ಆಮೇಲೆ ನಿಮ್ಮ ಸದ್ದು ಬದಲಾಯಿತು. ಮುಂದೆ ಹೋಗುತ್ತಿದ್ದುದು ತಿರುಗಿ ನಮ್ಮ ಕಡೆಗೇ ಬಂತು. ಬೆಟ್ಟದ ಮೇಲೆ ಸುತ್ತಿತು. ಮತ್ತೆ ಸುತ್ತಿತು. ದೀಪ ಹುಡುಕುತ್ತಿದ್ದೀರಿ ಅಂತ ತಿಳಿಯಿತು. ಇದು ನಮ್ಮ ಬೆಟ್ಟ ಅಲ್ಲ, ಹೋಗೋ, ಮುಂದಕ್ಕೆ ಹೋಗೋ ಅಂತ ಕೂಗಿದೆ. ನಿನಗೆಲ್ಲಿ ಕೇಳಬೇಕು. ಮಾವ ಮತ್ತೆ ಹಚ್ಚಲು ನೋಡಿದ, ಬೆಂಕಿಪೊಟ್ಟಣ ನೆನೆದಿತ್ತು. ಕೊನೆಗೆ ಸದ್ದು ದೂರವಾಯಿತು. ದಾರಿ ತಿಳಿದುಕೊಂಡು ಹೋದಿರಿ ಅಂದುಕೊಂಡೆ. ಪಡುವಲಿಗೆ ಹೋಯಿತು ಅಂತ ಮಾವ ಹೇಳುತ್ತಾನೆ. ಮಾವನಿಗೆ ಒಂದು ಕಿವಿ ಮಂದ, ಬೆಟ್ಟದಲ್ಲಿ ಸದ್ದು ನಾಲ್ಕೂ ಕಡೆಯಿಂದ ಬರುತ್ತದೆ.

ಮಾವ ನನ್ನ ಜೊತೆ ಮಾತಾಡುತ್ತಿಲ್ಲ. ಅತ್ತೆ ಕೈಗೆ ಬೆಣ್ಣೆ ಹಚ್ಚಿ, ಇವತ್ತು ಹೋಗಬೇಡ ಅಂದಿದ್ದಾಳೆ. ನೀನು ಬಂದು ನನ್ನನ್ನು ಎಷ್ಟು ಬೈದರೂ ಸರಿ. ಅಕ್ಕ, ನೀನು ಮಾಡಿದ್ದು ಸರಿ ಅಂತ ಒಂದು ಸಾಲು ಮಾತ್ರ ಬರೆ.

ಚಿಕ್ಕಕ್ಕ


ಪಾವಗಡ, ಬೆಟ್ಟದ ಮೇಲೆ
12-11-1946, ಮಂಗಳವಾರ

ಓಬಳೇಶ,

ಶುಕ್ರವಾರ ಮಧ್ಯಾಹ್ನ ನೀನು ಬರೆದ ಕಾಗದ ನಿನ್ನೆ ಬಂತು. ಬಾಗಿಲಲ್ಲೇ ನಿಂತು ಓದಿದೆ. ಎಡ ರೆಕ್ಕೆ ಅಂತ ಇದ್ದಲ್ಲಿಂದ ಮುಂದೆ ಓದಲಾಗಲಿಲ್ಲ, ಆದರೂ ಓದಿದೆ. ನನ್ನ ಕಾಗದ ನಿನಗೆ ಸೇರಿತ್ತು. ನಿಮಗೆ ಎಲ್ಲವೂ ಗೊತ್ತಿತ್ತು. ನೀವು ಸರಿಯಾದ ದಾರಿಯಲ್ಲೇ ಇದ್ದಿರಿ. ಆ ದೀಪ ನೋಡಿಕೊಂಡೇ ಹೋಗುತ್ತಿದ್ದಿರಿ. ಅದು ಆರಿದ್ದಕ್ಕೇ ಗೆರೆ ಬಿಟ್ಟು ನಮ್ಮ ಕಡೆ ತಿರುಗಿದಿರಿ.

ನಿನ್ನೆ ತಂತಿ ಸರಿಯಾಗಿತ್ತು. ಮೇಷ್ಟ್ರ ಕೈಯಲ್ಲಿ ನಿಮ್ಮ ಕಂಪನಿಗೆ ತಂತಿ ಕೊಡಿಸಿದೆ. ಇವತ್ತು ಬೆಳಿಗ್ಗೆ ಉತ್ತರ ಬಂತು. ಶುಕ್ರವಾರದ ವಿಮಾನ ಬಳ್ಳಾರಿ ಸೇರಿಲ್ಲ, ಹುಡುಕುತ್ತಿದ್ದೇವೆ ಅಂತ ಇದೆ. ಎಲ್ಲಿ ಹುಡುಕುತ್ತಿದ್ದಾರೆ ಅಂತ ಇಲ್ಲ. ನಾನು ಮತ್ತೆ ತಂತಿ ಕೊಡಿಸಿದೆ. ಸಂಡೂರಿನ ಬೆಟ್ಟದ ಕಡೆ ನೋಡಿ ಅಂತ. ಮಾವನಿಗೆ ಕಿವಿ ಮಂದ ಅಂತ ಬರೆದಿದ್ದೆನಲ್ಲ, ಅದು ಸುಳ್ಳು. ಸದ್ದು ಪಡುವಲಿಗೇ ಹೋಯಿತು. ನನಗೆ ಅವತ್ತೇ ಗೊತ್ತಾಗಿತ್ತು, ಒಪ್ಪಿಕೊಳ್ಳಲು ಧೈರ್ಯ ಬರಲಿಲ್ಲ.

ತಂತಿಯ ವಿಷಯ ಅವ್ವನಿಗೆ ಹೇಳಿಲ್ಲ. ದೀಪದ ವಿಷಯವೂ ಹೇಳಿಲ್ಲ. ಮಾವನೂ ಹೇಳಿಲ್ಲ. ಕೈಗೆ ಏನಾಯಿತು ಅಂದಳು, ಅತ್ತೆ ಮನೆ ಒಲೆಯಲ್ಲಿ ಸುಟ್ಟಿತು ಅಂದೆ. ನಿನ್ನ ಕಾಗದದಲ್ಲಿ ದೊಡ್ಡಪ್ಪನ ಬಗ್ಗೆ ಬರೆದಿದ್ದಷ್ಟನ್ನು ಓದಿ ಹೇಳಿದೆ. ಹನ್ನೊಂದಕ್ಕೆ ಬರಲು ರಜೆ ಕೇಳಿದ್ದಾನೆ ಅಂದಿದ್ದಕ್ಕೆ ಬೆಳಗಿನಿಂದ ಬಾಗಿಲು ನೋಡುತ್ತಿದ್ದಳು. ಮಧ್ಯಾಹ್ನದ ಬಸ್ಸೂ ಬಂದು ಹೋದ ಮೇಲೆ, ರಜೆ ಸಿಕ್ಕಿಲ್ಲ, ಹಂಗಾದ್ರೆ ಸಂಜೆ ಮೇಲೆ ಹೋಗ್ತಾನೆ ಅಂದಳು. ಇವತ್ತು ಮನೆ ತೊಳೆದು, ಸೂತಕ ಕಳೆದು, ಎಣ್ಣೆ ಡಬ್ಬ ತಾನೇ ಎತ್ತಿಕೊಂಡಳು. ನಾನು ಬೇಡ ಅನ್ನಲಿಲ್ಲ. ಏನಂತ ಬೇಡ ಅನ್ನಲಿ?

ಈಗ ಬುರುಜಿನಲ್ಲಿ ಕೂತಿದ್ದೇವೆ. ದೀಪ ಚೆನ್ನಾಗಿ ಉರಿಯುತ್ತಿದೆ. ಅದರ ಬೆಳಕಿನಲ್ಲೇ ಬರೆಯುತ್ತಿದ್ದೇನೆ. ಆರೂವರೆ ಯಾವಾಗಲೋ ಕಳೆಯಿತು. ಆಗ ಒಂದು ಸಲ ಅವ್ವ ಎದ್ದು, "ಬಂತು ನೋಡು" ಅಂದಳು. ಮಧುಗಿರಿ ರಸ್ತೆಯಲ್ಲಿ ಲಾರಿ. "ಮೋಡ ಐತೆ ಕಣವ್ವ, ಸುತ್ತಾಕ್ಕೊಂಡ್ ಬತ್ತಾನೆ" ಅಂತ ಮತ್ತೆ ಕೂತಳು. ನನಗೆ ಕೂಗಿ ಅಳಬೇಕು ಅನ್ನಿಸುತ್ತದೆ, ಅವಳ ಮುಂದೆ ಆಗುವುದಿಲ್ಲ. ಈ ಕಾಗದ ಯಾವ ವಿಳಾಸಕ್ಕೆ ಹಾಕಬೇಕೋ ನನಗೆ ಗೊತ್ತಿಲ್ಲ.

ಏನು ಬರೀತಿದ್ದೀಯ ಅಂತ ಅವ್ವ ಕೇಳಿದಳು. ನಿನಗೆ ಅಂದೆ. "ಸೂತಕ ಕಳೀತು, ದೀಪ ನಮ್ ಬೆಟ್ಟದ ಮ್ಯಾಗೇ ಐತೆ ಅಂತ ಬರಿ. ನಿಡುಗಲ್ಲಲ್ಲಿ ಹುಡುಕ್‌ಬ್ಯಾಡ ಅಂತ ಬರಿ" ಅಂದಳು.

ಬರೆದಿದ್ದೇನೆ.

ನಿನ್ನಕ್ಕ,
ಚಿಕ್ಕಕ್ಕ